ರೂಟ್‌ಗೆ ಎಡಿಟರ್ ಬದಲಿಸಿದರೂ ಕ್ರಾನ್‌ಟ್ಯಾಬ್ ಮಾತ್ರ ವಿಮ್‌ನಲ್ಲೇ ತೆರೆಯುತ್ತಿದೆ

ಸಕ್ಕರೆನಾಡು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಕಬ್ಬು ಸಾಗಿಸುವ ಲಾರಿಗಳ ಲೆಕ್ಕ ಇಡುವ ಆಫೀಸು. ಮೂಲೆಯಲ್ಲಿ ಒಂದು ಉಬುಂಟು 22.04 (ಲಿನಕ್ಸ್) ಸರ್ವರ್ ಇದೆ. ರಾತ್ರಿ ಡೇಟಾಬೇಸ್ ಬ್ಯಾಕಪ್ ರೂಟ್‌ನ (ಎಲ್ಲ ಅಧಿಕಾರ ಇರುವ ಅಕೌಂಟು) ಕ್ರಾನ್‌ನಿಂದ, ಅಂದರೆ ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಪ್ರೋಗ್ರಾಮ್‌ನಿಂದ, ಓಡುತ್ತದೆ. ಆ ಕೆಲಸಗಳ ಪಟ್ಟಿಯೇ ಕ್ರಾನ್‌ಟ್ಯಾಬ್. ಕಬ್ಬು ಅರೆಯುವ ಸೀಸನ್ ಬಂದರೆ ಎಂಟ್ರಿ ಹಾಕುವ ಹುಡುಗರು ಹನ್ನೊಂದಾದರೂ ಸೀಟು ಬಿಟ್ಟು ಏಳುವುದಿಲ್ಲ. ಅದಕ್ಕೇ ಬ್ಯಾಕಪ್ ಟೈಮನ್ನು ಇನ್ನೂ ತಡಕ್ಕೆ ಹಾಕಬೇಕಿತ್ತು.

ಫೈಲ್ ತಿದ್ದುವ ಎಡಿಟರ್‌ಗಳಲ್ಲಿ ನನಗೆ ನ್ಯಾನೋ ಅಭ್ಯಾಸ, ವಿಮ್ ಅಲ್ಲ. ನನ್ನ ಅಕೌಂಟಿನ .ಬ್ಯಾಷ್‌ಆರ್‌ಸಿಯಲ್ಲಿ (ಕಮಾಂಡ್ ಓದುವ ಶೆಲ್ ಆದ ಬ್ಯಾಷ್ ಶುರುವಾದಾಗ ನೋಡುವ ಸೆಟ್ಟಿಂಗ್ ಫೈಲ್) ಎಡಿಟರ್ ವೇರಿಯಬಲ್‌ಗೆ ನ್ಯಾನೋ ಅಂತ ಎಕ್ಸ್‌ಪೋರ್ಟ್ ಮಾಡಿದ್ದೇನೆ. ಆದರೂ ರೂಟ್ ಆಗಿ ಕ್ರಾನ್‌ಟ್ಯಾಬ್ ತಿದ್ದಲು ‘ಸುಡೋ ಕ್ರಾನ್‌ಟ್ಯಾಬ್ -ಇ’ ಹೊಡೆದರೆ ವಿಮ್ ಬರುತ್ತದೆ. ಆಮೇಲೆ ‘ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಎಡಿಟರ್’ ಓಡಿಸಿ ಪಟ್ಟಿಯಲ್ಲಿ ನ್ಯಾನೋ ಆರಿಸಿದೆ. ಈಗ ‘ಸುಡೋ ವಿಸುಡೋ’ (ಯಾರಿಗೆ ಸುಡೋ ಅನುಮತಿ ಅಂತ ಬರೆದ ಸುಡೋಯರ್ಸ್ ಫೈಲ್ ತಿದ್ದುವುದು) ನ್ಯಾನೋದಲ್ಲಿ ತೆರೆಯುತ್ತದೆ. ‘ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್’ (ಸರ್ವಿಸ್‌ಗಳ ಸೆಟ್ಟಿಂಗ್ ತಿದ್ದುವುದು) ಕೂಡ. ಕ್ರಾನ್‌ಟ್ಯಾಬ್ ಮಾತ್ರ ಹಠ ಹಿಡಿದು ಕೂತಿದೆ.

ಒಂದೇ ಮಿಷಿನ್, ಒಂದೇ ರೂಟ್, ಎರಡು ಎಡಿಟರ್. ಇದು ಹೇಗೆ?

ಇನ್ನೊಂದು ವಿಷಯ. ಇದನ್ನು ಸೆಟಪ್ ಮಾಡಿದ ಸರ್ ಮೈಸೂರಿನಲ್ಲಿದ್ದಾರೆ. ಈಗಲೂ ಆಗಾಗ ದೂರದಿಂದಲೇ ಎಸ್‌ಎಸ್‌ಎಚ್‌ನಲ್ಲಿ ಬಂದು ನೋಡಿ ಹೋಗುತ್ತಾರೆ. ಅವರು ವಿಮ್ ಬಿಟ್ಟು ಬೇರೆ ಏನನ್ನೂ ಮುಟ್ಟುವವರಲ್ಲ.

(ಕಮಾಂಡುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೀಗೇ ಹೊಡೆದು ನೋಡಬೇಡಿ ಮತ್ತೆ!)

ಮದ್ದೂರ್‌ವಡೆ

ಅಣ್ಣ, ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ. ರೂಟ್‌ನ .ಬ್ಯಾಷ್‌ಆರ್‌ಸಿಗೂ ಅದೇ ಎಕ್ಸ್‌ಪೋರ್ಟ್ ಸಾಲು ಹಾಕಿ. ಮುಗೀತು.

ಸಕ್ಕರೆನಾಡು, ಮಂಡ್ಯ

ಹಾಕಿ ನೋಡಿದೆ. ‘ಸುಡೋ -ಐ’ ಕೊಟ್ಟು ರೂಟ್ ಆಗಿ, ಆಮೇಲೆ ಕ್ರಾನ್‌ಟ್ಯಾಬ್ ತೆರೆದರೆ ನ್ಯಾನೋ ಬರುತ್ತದೆ. ನನ್ನ ಪ್ರಾಂಪ್ಟ್‌ನಿಂದ ನೇರವಾಗಿ ‘ಸುಡೋ ಕ್ರಾನ್‌ಟ್ಯಾಬ್ -ಇ’ ಅಂದರೆ ಮತ್ತೆ ವಿಮ್ಮೇ. ಈಗ ಮೊದಲಿಗಿಂತ ಗೊಂದಲ ಜಾಸ್ತಿ ಆಗಿದೆ.

ಒಂಟಿಕೊಪ್ಪಲ್ ಟರ್ಮಿನಲ್, ಮೈಸೂರು

ಸಕ್ಕರೆನಾಡು ಅವರೇ, ನಿಮ್ಮ ಮಿಷಿನ್ ಸರಿಯಾಗಿಯೇ ಇದೆ. ‘ರೂಟ್‌ನ ಡೀಫಾಲ್ಟ್ ಎಡಿಟರ್’ ಅಂತ ಒಂದೇ ಒಂದು ಸೆಟ್ಟಿಂಗ್ ಇದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೆ ಒಂದು ಇಲ್ಲವೇ ಇಲ್ಲ. ಒಂದೊಂದು ಪ್ರೋಗ್ರಾಮ್ ಒಂದೊಂದು ಕಡೆ ಕೇಳಿಕೊಂಡು ಬರುತ್ತದೆ. ನಿಮ್ಮ ಕೇಸನ್ನೇ ಬಿಡಿಸಿ ನೋಡೋಣ.

ಮೊದಲು ಸುಡೋ. ಉಬುಂಟುವಿನ ಮೂಲವಾದ ಡೆಬಿಯನ್, ಉಬುಂಟು ಎರಡರಲ್ಲೂ ಎನ್ವ್-ರೀಸೆಟ್ ಅನ್ನುವ ಸೆಟ್ಟಿಂಗ್ ಆನ್ ಆಗಿರುತ್ತದೆ. ಅಂದರೆ ಸುಡೋ ನಿಮ್ಮ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಬಾಗಿಲಲ್ಲೇ ಕಳಚಿ, ಬೆರಳೆಣಿಕೆಯಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ಎಡಿಟರ್ ಆ ಪಟ್ಟಿಯಲ್ಲಿಲ್ಲ. ನಿಮ್ಮ ಎಕ್ಸ್‌ಪೋರ್ಟ್ ಸಾಲು ರೂಟ್‌ವರೆಗೆ ತಲುಪಲೇ ಇಲ್ಲ.

ರೂಟ್‌ನ .ಬ್ಯಾಷ್‌ಆರ್‌ಸಿ ಯಾಕೆ ಕೆಲಸ ಮಾಡಲಿಲ್ಲ? ಅದನ್ನು ಓದುವುದು ಬ್ಯಾಷ್. ‘ಸುಡೋ ಕ್ರಾನ್‌ಟ್ಯಾಬ್ -ಇ’ ಅಂದಾಗ ಸುಡೋ ನೇರವಾಗಿ ಕ್ರಾನ್‌ಟ್ಯಾಬನ್ನೇ ಓಡಿಸುತ್ತದೆ. ನಡುವೆ ರೂಟ್‌ನ ಶೆಲ್ ಇಲ್ಲ, ಹಾಗಾಗಿ ಆ ಫೈಲನ್ನು ಯಾರೂ ಓದುವುದಿಲ್ಲ. ‘ಸುಡೋ -ಐ’ ಕೊಟ್ಟಾಗ ಲಾಗಿನ್ ಶೆಲ್ ಶುರುವಾಗುತ್ತದೆ. ಆಗ ರೂಟ್‌ನ .ಪ್ರೊಫೈಲ್ ಓದುತ್ತದೆ, ಅದು .ಬ್ಯಾಷ್‌ಆರ್‌ಸಿಯನ್ನು ಕರೆಯುತ್ತದೆ, ನ್ಯಾನೋ ಬರುತ್ತದೆ. ಮದ್ದೂರ್‌ವಡೆ ಹೇಳಿದ್ದು ತಪ್ಪಲ್ಲ, ಅರ್ಧ ದಾರಿ ಅಷ್ಟೇ.

ಈಗ ಅಸಲಿ ಒಗಟು. ವಿಸುಡೋ ಬದಲಾಯಿತು, ಕ್ರಾನ್‌ಟ್ಯಾಬ್ ಬದಲಾಗಲಿಲ್ಲ. ಡೆಬಿಯನ್ ಕಡೆಯ ವಿಸುಡೋ, ವೇರಿಯಬಲ್ ಏನೂ ಸಿಗದಿದ್ದರೆ /ಯುಎಸ್‌ಆರ್/ಬಿನ್/ಎಡಿಟರ್ ತೆರೆಯುತ್ತದೆ. ಅದೊಂದು ಲಿಂಕ್. /ಇಟಿಸಿ/ಆಲ್ಟರ್ನೇಟಿವ್ಸ್/ಎಡಿಟರ್‌ಗೆ ಹೋಗಿ ಅಲ್ಲಿಂದ ಅಸಲಿ ಎಡಿಟರ್‌ಗೆ ಹೋಗುತ್ತದೆ. ನೀವು ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಲ್ಲಿ ತಿರುಗಿಸಿದ್ದು ಈ ಲಿಂಕನ್ನು. ಸಿಸ್ಟಮ್‌ಸಿಟಿಎಲ್ ಕೂಡ ವೇರಿಯಬಲ್ ಇಲ್ಲದಿದ್ದರೆ ಎಡಿಟರ್, ನ್ಯಾನೋ, ವಿಮ್, ವಿಐ ಅಂತ ಈ ಸಾಲಿನಲ್ಲೇ ಹುಡುಕುತ್ತದೆ. ಮೊದಲು ಸಿಗುವುದು ಅದೇ ಲಿಂಕ್.

ಕ್ರಾನ್‌ಟ್ಯಾಬ್ ಹಾಗಲ್ಲ. ಅದು ಮೊದಲು ವಿಷುಯಲ್ ವೇರಿಯಬಲ್ ಇದೆಯಾ ನೋಡುತ್ತದೆ, ಆಮೇಲೆ ಎಡಿಟರ್ ವೇರಿಯಬಲ್. ಎರಡೂ ಇಲ್ಲದಿದ್ದರೆ ಸೆನ್ಸಿಬಲ್-ಎಡಿಟರ್ ಅನ್ನುವ ಪುಟ್ಟ ಸ್ಕ್ರಿಪ್ಟನ್ನು ಕರೆಯುತ್ತದೆ. ಆ ಸ್ಕ್ರಿಪ್ಟ್ ಆಲ್ಟರ್ನೇಟಿವ್ಸ್ ಕಡೆ ಹೋಗುವ ಮುಂಚೆ ಹೋಮ್ ಫೋಲ್ಡರಿನಲ್ಲಿ .ಸೆಲೆಕ್ಟೆಡ್_ಎಡಿಟರ್ ಅನ್ನುವ ಫೈಲ್ ಇದೆಯಾ ಅಂತ ನೋಡುತ್ತದೆ. ಇದ್ದರೆ ಅದು ಹೇಳಿದ್ದೇ ಕೊನೆ. ಲಿಂಕಿನ ಮಾತು ಅಲ್ಲಿ ನಡೆಯುವುದಿಲ್ಲ.

ಆ ಫೈಲ್ ಎಲ್ಲಿಂದ ಬಂತು ಅಂತೀರಾ? ಹೊಸ ಉಬುಂಟುವಿನಲ್ಲಿ ಮೊದಲ ಸಲ ಕ್ರಾನ್‌ಟ್ಯಾಬ್ ತೆರೆದಾಗ ‘ಎಡಿಟರ್ ಆರಿಸಿ’ ಅಂತ ಒಂದು ಪಟ್ಟಿ ಬರುತ್ತದಲ್ಲ, ನ್ಯಾನೋ ಪಕ್ಕದಲ್ಲಿ ಬಾಣದ ಗುರುತು ಹಾಕಿ ‘ಎಲ್ಲಕ್ಕಿಂತ ಸುಲಭ’ ಅಂತ ಬರೆದಿರುತ್ತದೆ. ಅಲ್ಲಿ ನಂಬರ್ ಒತ್ತಿದ್ದು ಈ ಫೈಲಿನಲ್ಲಿ ಕೂರುತ್ತದೆ. ನಿಮ್ಮ ಮೈಸೂರು ಸರ್ ಯಾವತ್ತೋ ರೂಟ್ ಆಗಿ ವಿಮ್‌ನ ನಂಬರ್ ಒತ್ತಿದ್ದಾರೆ ಅಂತ ನನ್ನ ಊಹೆ. ‘ಸುಡೋ ಕ್ಯಾಟ್ /ರೂಟ್/.ಸೆಲೆಕ್ಟೆಡ್_ಎಡಿಟರ್’ ಹೊಡೆದು ಇಲ್ಲಿ ಹಾಕಿ.

ಹಳೇ ಸರ್ವರ್ ಇಟ್ಟುಕೊಂಡವರಿಗೆ ಒಂದು ಮಾತು. ಉಬುಂಟು 19.10ಕ್ಕೆ ಮುಂಚೆ ಸುಡೋ ನಿಮ್ಮ ಹೋಮ್ ಫೋಲ್ಡರನ್ನೇ ಉಳಿಸಿಕೊಳ್ಳುತ್ತಿತ್ತು. ಹಾಗಾಗಿ 18.04ರಲ್ಲಿ ‘ಸುಡೋ ಕ್ರಾನ್‌ಟ್ಯಾಬ್ -ಇ’ ಅಂದರೆ ನಿಮ್ಮ .ಸೆಲೆಕ್ಟೆಡ್_ಎಡಿಟರ್ ನೋಡುತ್ತಿತ್ತು. ಈಗ ರೂಟ್‌ನದನ್ನು ನೋಡುತ್ತದೆ. ಅಪ್‌ಗ್ರೇಡ್ ಆದಮೇಲೆ ‘ಇಷ್ಟು ದಿನ ಸರಿಯಿತ್ತಲ್ಲ’ ಅನ್ನುವವರಲ್ಲಿ ಹಲವರ ಕಥೆ ಇದು.

ಕುಕ್ಕರಹಳ್ಳಿ ವಾಕರ್

ಇಷ್ಟು ಉದ್ದ ಬರೆಯುವ ಹೊತ್ತಿಗೆ ವಿಮ್ ಕಲಿಸಿಬಿಡಬಹುದಿತ್ತು. ವಿಮ್‌ನ ಮೂಲವಾದ ವಿಐ 1976ರಿಂದ ಇದೆ. ಬಿಲ್ ಜಾಯ್ ಬರೆದದ್ದು. ಯಾವ ಯುನಿಕ್ಸ್‌ಗೆ ಹೋದರೂ ಅದರ ಯಾವುದಾದರೂ ರೂಪ ಸಿಗುತ್ತದೆ. ಸರ್ವರ್ ಬೂಟ್ ಆಗದೆ ರೆಸ್ಕ್ಯೂ ಶೆಲ್‌ನಲ್ಲಿ ಬಿದ್ದಾಗ ಎಷ್ಟೋ ಕಡೆ ಬಿಸಿಬಾಕ್ಸ್ (ಹಲವು ಕಮಾಂಡುಗಳನ್ನು ಸೇರಿಸಿದ ಪುಟ್ಟ ಪ್ರೋಗ್ರಾಮ್) ಒಳಗಿನ ವಿಐ ಇರುತ್ತದೆ, ನ್ಯಾನೋ ಇರುವುದಿಲ್ಲ. ಆಗ ಏನು ಮಾಡುತ್ತೀರಿ? ರೂಟ್ ಪಾಸ್‌ವರ್ಡ್ ಕೈಯಲ್ಲಿ ಇರುವವರು ವಿಐ ಬರಬೇಕಪ್ಪ. ಇಲ್ಲದಿದ್ದರೆ ಇಲ್ಲ.

ಮದ್ದೂರ್‌ವಡೆ

ವಾಕರ್ ಅಣ್ಣ, ಕಲಿಯೋಣ. ಮೊದಲು ಆಚೆ ಬರೋ ದಾರಿ ಹೇಳಿ.

ಕುಕ್ಕರಹಳ್ಳಿ ವಾಕರ್

ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಸೇವ್ ಮಾಡಿ ಬರಬೇಕಾದರೆ ಕೋಲನ್, ಡಬ್ಲ್ಯೂ, ಕ್ಯೂ. ಗೋಡೆ ಮೇಲೆ ಬರೆದು ಅಂಟಿಸಿಕೊಳ್ಳಿ.

ಪಾಂಡವಪುರ ಪಿಂಗ್

ನಾನು ಮಧ್ಯೆ ಬಾಯಿ ಹಾಕುತ್ತೇನೆ. ವಿಐ ಬರಬೇಕು ಅನ್ನುವುದು ಸರಿ, ಒಪ್ಪಿದೆ. ಆದರೆ ಬರುವುದು ಬೇರೆ, ಇನ್ನೊಬ್ಬರ ಮೇಲೆ ಹೇರುವುದು ಬೇರೆ. ಎರಡೂ ಕಡೆಯವರು ಇಲ್ಲಿ ಅದನ್ನೇ ಮಾಡುತ್ತಿದ್ದಾರೆ.

ಸಕ್ಕರೆನಾಡು ಅವರ ಆಫೀಸಿನಲ್ಲಿ ಕನಿಷ್ಠ ಇಬ್ಬರಿಗೆ ರೂಟ್ ಇದೆ. ಒಬ್ಬರಿಗೆ ನ್ಯಾನೋ, ಒಬ್ಬರಿಗೆ ವಿಮ್. ಇವರು ರೂಟ್‌ನ ಎಡಿಟರನ್ನು ಎಲ್ಲ ಕಡೆ ನ್ಯಾನೋ ಮಾಡುತ್ತಾರೆ. ಮುಂದಿನ ವಾರ ಸರ್ ಬಂದು ವಿಸುಡೋ ತೆರೆದು, ಅಭ್ಯಾಸಬಲದಿಂದ ಎರಡು ಸಲ ಡಿ ಒತ್ತುತ್ತಾರೆ. ಸಾಲು ಅಳಿಸುವ ಬದಲು ಸುಡೋಯರ್ಸ್ ಫೈಲಿನ ಮಧ್ಯೆ ಎರಡು ಡಿ ಬಂದು ಕೂರುತ್ತದೆ. ಅವರು ಬಂದು ಮತ್ತೆ ವಿಮ್ ಮಾಡುತ್ತಾರೆ. ರೂಟ್ ಅಂದರೆ ಛತ್ರದ ಅಡುಗೆಮನೆ ಇದ್ದ ಹಾಗೆ, ಬಂದವರೆಲ್ಲ ಒಲೆ ಜಾಗ ಬದಲಿಸಿದರೆ ಅಡುಗೆ ಆಗುವುದು ಯಾವಾಗ?

ನನ್ನ ಅಭಿಪ್ರಾಯ ಇಷ್ಟು. ರೂಟ್‌ಗೆ ಯಾವ ಎಡಿಟರ್ ಅಂತ ಕೇಳಬೇಡಿ. ರೂಟ್ ಅನ್ನುವ ಮನುಷ್ಯ ಯಾರೂ ಇಲ್ಲ. ಕೂತು ಟೈಪ್ ಮಾಡುತ್ತಿರುವವರು ಯಾರೋ, ಅವರ ಎಡಿಟರ್ ಬರುವ ಹಾಗೆ ಮಾಡಿ. ಅದಕ್ಕೆ ದಾರಿ ಆಗಲೇ ಇದೆ, ಸುಡೋಎಡಿಟ್. ‘ಸುಡೋ -ಇ ಫೈಲಿನ ಹೆಸರು’ ಅಂದರೂ ಅದೇ. ಅದು ಮಾಡುವುದು ಏನೆಂದರೆ, ರೂಟ್‌ನ ಫೈಲನ್ನು ಒಂದು ತಾತ್ಕಾಲಿಕ ಫೈಲಿಗೆ ಕಾಪಿ ಮಾಡುತ್ತದೆ. ಅದನ್ನು ನಿಮ್ಮ ಹೆಸರಿನಲ್ಲೇ, ನಿಮ್ಮ ಎಡಿಟರ್‌ನಲ್ಲಿ, ನಿಮ್ಮ ಸೆಟ್ಟಿಂಗ್ ಜೊತೆ ತೆರೆಯುತ್ತದೆ. ನೀವು ಸೇವ್ ಮಾಡಿ ಆಚೆ ಬಂದಮೇಲೆ, ಏನಾದರೂ ಬದಲಾಗಿದ್ದರೆ ಮಾತ್ರ ವಾಪಸ್ ಜಾಗಕ್ಕೆ ಹಾಕುತ್ತದೆ. ಎಡಿಟರ್ ಆರಿಸುವಾಗ ಸುಡೋ_ಎಡಿಟರ್, ವಿಷುಯಲ್, ಎಡಿಟರ್ ಈ ಮೂರನ್ನು ಇದೇ ಸಾಲಿನಲ್ಲಿ ನೋಡುತ್ತದೆ. ಇಲ್ಲಿ ಎನ್ವ್-ರೀಸೆಟ್‌ನ ಕಾಟವೇ ಇಲ್ಲ, ಯಾಕೆಂದರೆ ಅದು ನೋಡುವುದು ನಿಮ್ಮ ವೇರಿಯಬಲ್.

ಸುಡೋಯರ್ಸ್ ಫೈಲಿಗೆ ಮಾತ್ರ ಇದನ್ನು ಬಳಸಬೇಡಿ. ಅದಕ್ಕೆ ವಿಸುಡೋನೇ ಬೇಕು, ಅದು ವ್ಯಾಕರಣ ಪರೀಕ್ಷೆ ಮಾಡುತ್ತದೆ.

ಕುಕ್ಕರಹಳ್ಳಿ ವಾಕರ್

ಸುಡೋಎಡಿಟ್ ಗೊತ್ತು ಮೇಡಂ. ಆದರೆ ‘ಸುಡೋ ವಿಮ್ ಫೈಲು’ ಅಂದರೂ ಅದೇ ಕೆಲಸ ಅಲ್ವಾ?

ಪಾಂಡವಪುರ ಪಿಂಗ್

ಅದೇ ಕೆಲಸ ಅಲ್ಲ ಸರ್. ಸುಡೋ ವಿಮ್ ಅಂದರೆ ವಿಮ್ ಪೂರ್ತಿ ರೂಟ್ ಆಗಿ ಓಡುತ್ತದೆ, ಪ್ಲಗಿನ್ ಸಮೇತ. ಒಳಗಿಂದ ಕೋಲನ್, ಆಶ್ಚರ್ಯಸೂಚಕ, ಬ್ಯಾಷ್ ಅಂತ ಹೊಡೆದರೆ ರೂಟ್ ಶೆಲ್ ಕೈಗೆ ಬರುತ್ತದೆ. ನಿಮಗೆ ಹೇಗೂ ಪೂರ್ತಿ ಸುಡೋ ಇದೆ, ನಿಮಗೇನೂ ವ್ಯತ್ಯಾಸ ಕಾಣದಿರಬಹುದು. ಆದರೆ ‘ಈ ಹುಡುಗನಿಗೆ ಒಂದು ಕಾನ್ಫಿಗ್ ಫೈಲ್ ತಿದ್ದಲು ಬಿಟ್ಟರೆ ಸಾಕು’ ಅಂತ ಸುಡೋಯರ್ಸ್‌ನಲ್ಲಿ ವಿಮ್ ಬರೆದುಕೊಟ್ಟಿರುವ ಕಡೆಗಳಲ್ಲಿ ಆ ಹುಡುಗನಿಗೆ ಇಡೀ ಸರ್ವರ್ ಸಿಕ್ಕಿರುತ್ತದೆ.

ಮದ್ದೂರ್‌ವಡೆ

ನೋಡಿದ್ರಾ, ಅದಕ್ಕೇ ನ್ಯಾನೋ ಸೇಫ್ ಅನ್ನೋದು.

ಒಂಟಿಕೊಪ್ಪಲ್ ಟರ್ಮಿನಲ್, ಮೈಸೂರು

ಏನೂ ಸೇಫ್ ಅಲ್ಲ ಗುರು. ನ್ಯಾನೋ ಒಳಗೆ ಕಂಟ್ರೋಲ್-ಆರ್, ಆಮೇಲೆ ಕಂಟ್ರೋಲ್-ಎಕ್ಸ್ ಒತ್ತಿ. ‘ಯಾವ ಕಮಾಂಡ್ ಓಡಿಸಲಿ’ ಅಂತ ಕೇಳುತ್ತದೆ. ರೂಟ್ ಆಗಿ ಓಡುತ್ತಿರುವ ನ್ಯಾನೋ ಆ ಕಮಾಂಡನ್ನೂ ರೂಟ್ ಆಗಿಯೇ ಓಡಿಸುತ್ತದೆ. ಆರ್-ನ್ಯಾನೋ ಅಂತ ಕೈ ಕಟ್ಟಿದ ಅವತಾರ ಒಂದಿದೆ, ಅದು ಬೇರೆ ಮಾತು. ಒಂದೇ ಫೈಲಿಗೆ ಅನುಮತಿ ಕೊಡಬೇಕಾದರೆ ಸುಡೋಯರ್ಸ್‌ನಲ್ಲಿ ಸುಡೋಎಡಿಟ್ ಅಂತ ಬರೆದು ಮುಂದೆ ಆ ಫೈಲಿನ ದಾರಿ ಬರೆಯಬೇಕು. ಪಾಂಡವಪುರದವರು ಹೇಳಿದ್ದೇ ಸರಿ.

ನ್ಯಾನೋ ಬಳಗಕ್ಕೆ ಇನ್ನೊಂದು ಎಚ್ಚರಿಕೆ. 2019ರ 4.0 ಆವೃತ್ತಿಗೆ ಮುಂಚಿನ ನ್ಯಾನೋ, ಸೆಟ್ಟಿಂಗ್ ಬದಲಿಸದಿದ್ದರೆ, ಉದ್ದದ ಸಾಲನ್ನು ಟೈಪ್ ಮಾಡುವಾಗ ತಾನೇ ಮುರಿದು ಎರಡು ಸಾಲು ಮಾಡುತ್ತಿತ್ತು. ಪತ್ರ ಬರೆಯುವವರಿಗೆ ಅನುಕೂಲ. ಆದರೆ ಕ್ರಾನ್‌ಟ್ಯಾಬ್‌ನ ಒಂದು ಕೆಲಸ ಒಂದೇ ಸಾಲಿನಲ್ಲಿ ಇರಬೇಕು. ಬ್ಯಾಕಪ್ ಕಮಾಂಡ್ ನಡುವೆ ಮುರಿದರೆ ಅಲ್ಲಿಗೆ ಕಥೆ ಮುಗಿಯಿತು. ಹಳೇ ನ್ಯಾನೋ ಇರುವ ಕಡೆ ಎಡಿಟರ್ ವೇರಿಯಬಲ್‌ಗೆ ‘ನ್ಯಾನೋ -ಡಬ್ಲ್ಯೂ’ ಅಂತ ಕೊಡಿ. 22.04ರಲ್ಲಿ ಈ ತೊಂದರೆ ಇಲ್ಲ.

ಹೆಬ್ಬಾಳ್ ರ‍್ಯಾಕ್, ಮೈಸೂರು

ಇಂಡಸ್ಟ್ರಿಯಲ್ ಏರಿಯಾ ಕಡೆಯಿಂದ ಒಂದು ಮಾತು. ಇಲ್ಲಿ ರೆಡ್ ಹ್ಯಾಟ್ ಬಳಗದ ಮಿಷಿನ್‌ಗಳೇ ಜಾಸ್ತಿ. ಮೇಲಿನ ಸೆನ್ಸಿಬಲ್-ಎಡಿಟರ್, .ಸೆಲೆಕ್ಟೆಡ್_ಎಡಿಟರ್ ಎಲ್ಲ ಡೆಬಿಯನ್ ಮನೆತನದ್ದು, ಇಲ್ಲಿ ಹುಡುಕಬೇಡಿ. ಇಲ್ಲಿ ವೇರಿಯಬಲ್ ಇಲ್ಲದಿದ್ದರೆ ಕ್ರಾನ್‌ಟ್ಯಾಬ್ ಸೀದಾ ವಿಐಗೆ ಹೋಗುತ್ತದೆ. ಫೆಡೋರಾ ಮಾತ್ರ 2020ರಲ್ಲಿ, 33ನೇ ಆವೃತ್ತಿಯಿಂದ, ನ್ಯಾನೋವನ್ನು ಡೀಫಾಲ್ಟ್ ಮಾಡಿತು. ನ್ಯಾನೋ-ಡೀಫಾಲ್ಟ್-ಎಡಿಟರ್ ಅನ್ನುವ ಪ್ಯಾಕೇಜ್ ಎಡಿಟರ್ ವೇರಿಯಬಲ್ ಇಡುತ್ತದೆ, ಅಷ್ಟೇ. ಆಗಲೂ ಇಲ್ಲಿನ ಹಾಗೇ ಜಗಳ ಆಗಿತ್ತು.

ಗೋಕುಲಂ ಡೀಮನ್

ಫ್ರೀಬಿಎಸ್‌ಡಿ (ಲಿನಕ್ಸ್ ಅಲ್ಲದ ಇನ್ನೊಂದು ಯುನಿಕ್ಸ್ ಥರದ ಸಿಸ್ಟಮ್) ಬಳಸುವವರು ಈ ಊರಲ್ಲಿ ನಾನೊಬ್ಬನೇನಾ ಗೊತ್ತಿಲ್ಲ, ಆದರೂ ಬರೆದಿಡುತ್ತೇನೆ. ಅಲ್ಲಿ ರೂಟ್‌ನ ಶೆಲ್ ಬಹಳ ಕಾಲ ಸಿ-ಶೆಲ್ ಆಗಿತ್ತು. ಅದರಲ್ಲಿ ಎಕ್ಸ್‌ಪೋರ್ಟ್ ನಡೆಯುವುದಿಲ್ಲ. ‘ಸೆಟ್‌ಎನ್ವ್ ಎಡಿಟರ್ ಇಇ’ ಅಂತ .ಸಿಎಸ್‌ಎಚ್‌ಆರ್‌ಸಿಯಲ್ಲಿ ಬರೆಯಬೇಕು, ನಡುವೆ ಸಮ ಚಿಹ್ನೆ ಇಲ್ಲ. 2023ರಲ್ಲಿ ಬಂದ 14.0ರಿಂದ ರೂಟ್‌ಗೆ ಎಸ್‌ಎಚ್ ಶೆಲ್. ಹೊಸದಾಗಿ ಹಾಕಿದ ಮಿಷಿನ್‌ನಲ್ಲಿ ಹಳೇ ಬ್ಲಾಗ್ ನೋಡಿ .ಸಿಎಸ್‌ಎಚ್‌ಆರ್‌ಸಿ ತಿದ್ದಿದರೆ ಏನೂ ಆಗುವುದಿಲ್ಲ. ನ್ಯಾನೋ ಅಲ್ಲಿ ಪ್ಯಾಕೇಜ್ ಆಗಿ /ಯುಎಸ್‌ಆರ್/ಲೋಕಲ್ ಕೆಳಗೆ ಬರುತ್ತದೆ. ಬೇಸ್ ಸಿಸ್ಟಮ್ ಜೊತೆ ಬರುವುದು ವಿಐ ಮತ್ತು ಇಇ. ಇಇ ಸುಲಭ, ಪರದೆಯ ಮೇಲ್ಗಡೆ ಕೀಲಿಗಳ ಪಟ್ಟಿ ತಾನೇ ತೋರಿಸುತ್ತದೆ.

ಲಾಸ್ಟ್‌ಬೆಂಚ್ ಲಿನಕ್ಸ್

ಸರ್, ನಾನು ಸ್ಟೂಡೆಂಟ್. ರೂಟ್‌ಗೆ ವಿಎಸ್ ಕೋಡ್ ಡೀಫಾಲ್ಟ್ ಮಾಡಬಹುದಾ? ಕ್ರಾನ್‌ಟ್ಯಾಬ್‌ಗೆ ಕೊಟ್ಟು ನೋಡಿದರೆ ವಿಂಡೋ ತೆರೆಯೋ ಮುಂಚೆನೇ ‘ಬದಲಾವಣೆ ಏನೂ ಆಗಿಲ್ಲ’ ಅಂತ ಬರುತ್ತೆ.

ಪಾಂಡವಪುರ ಪಿಂಗ್

ತಮ್ಮ, ಕ್ರಾನ್‌ಟ್ಯಾಬ್ ಎಡಿಟರನ್ನು ಓಡಿಸಿ ಅದು ಮುಗಿಯುವವರೆಗೆ ಕಾಯುತ್ತದೆ. ಕೋಡ್ ಕಮಾಂಡ್ ಹಾಗಲ್ಲ, ವಿಂಡೋಗೆ ಫೈಲ್ ಕೊಟ್ಟು ತಕ್ಷಣ ಹಿಂದಿರುಗುತ್ತದೆ. ಎಡಿಟ್ ಮುಗಿಯಿತು ಅಂತ ಕ್ರಾನ್‌ಟ್ಯಾಬ್ ತಿಳಿದುಕೊಳ್ಳುತ್ತದೆ. ‘ಕೋಡ್ --ವೇಟ್’ ಅಂತ ಕೊಡಬೇಕು. ಗಿಟ್‌ಗೂ ಇದೇ. ಆದರೆ ರೂಟ್ ಆಗಿ ವಿಎಸ್ ಕೋಡ್ ಓಡಿಸಬೇಡ, ಅದೇ ಬೇಡ ಅನ್ನುತ್ತದೆ. ನಿನ್ನ ಅಕೌಂಟಿನಲ್ಲಿ ಸುಡೋ_ಎಡಿಟರ್‌ಗೆ ‘ಕೋಡ್ --ವೇಟ್’ ಇಟ್ಟು ಸುಡೋಎಡಿಟ್ ಬಳಸು. ಕೋಡ್ ನಿನ್ನದಾಗಿ ಓಡುತ್ತದೆ, ಫೈಲ್ ಮಾತ್ರ ರೂಟ್‌ನದು.

ಸಕ್ಕರೆನಾಡು, ಮಂಡ್ಯ

ಒಂಟಿಕೊಪ್ಪಲ್ ಸರ್, ನಿಮ್ಮ ಊಹೆ ನೂರಕ್ಕೆ ನೂರು. ಫೈಲ್ ಇತ್ತು. ಮೊದಲ ಸಾಲು ಸೆಲೆಕ್ಟ್-ಎಡಿಟರ್ ಬರೆದ ಕಾಮೆಂಟು, ಎರಡನೆಯದು ಸೆಲೆಕ್ಟೆಡ್_ಎಡಿಟರ್ ಸಮ /ಯುಎಸ್‌ಆರ್/ಬಿನ್/ವಿಮ್.ಬೇಸಿಕ್.

ಅದನ್ನು ಅಳಿಸಲು ಕೈ ಹೋಗಿತ್ತು, ಪಾಂಡವಪುರ ಮೇಡಂ ಬರೆದದ್ದು ಓದಿ ಬಿಟ್ಟೆ. ಮೈಸೂರು ಸರ್‌ಗೆ ಫೋನ್ ಮಾಡಿದೆ. ‘ಸುಮ್ನೆ ಎನ್ವ್-ಕೀಪ್ ಹಾಕು’ ಅಂದರು. ಅದು ಏನು, ಎಲ್ಲಿ ಹಾಕುವುದು?

ಒಂಟಿಕೊಪ್ಪಲ್ ಟರ್ಮಿನಲ್, ಮೈಸೂರು

ಒಳ್ಳೇ ಸರ್ ಸಿಕ್ಕಿದ್ದಾರೆ ನಿಮಗೆ.

ಸುಡೋ ಬಾಗಿಲಲ್ಲಿ ಕಳಚುತ್ತದೆ ಅಂದೆನಲ್ಲ, ‘ಇದೊಂದನ್ನು ಬಿಡು’ ಅಂತ ಹೇಳುವುದೇ ಎನ್ವ್-ಕೀಪ್. ಈಚಿನ ಡೆಬಿಯನ್, ಉಬುಂಟುವಿನ ಸುಡೋಯರ್ಸ್ ಫೈಲಿನಲ್ಲಿ ಈ ಸಾಲು ಆಗಲೇ ಬರೆದಿದೆ. ಮುಂದೆ ಹ್ಯಾಶ್ ಹಾಕಿ ಕಾಮೆಂಟ್ ಮಾಡಿದ್ದಾರೆ. ‘ಸುಡೋ ವಿಸುಡೋ’ ತೆರೆದು, ಸುಡೋ ಗುಂಪಿನ ಹೆಸರು ಮತ್ತು ಎನ್ವ್_ಕೀಪ್ ಜೊತೆಗೆ ಎಡಿಟರ್ ಅಂತ ಇರುವ ಸಾಲು ಹುಡುಕಿ ಹ್ಯಾಶ್ ತೆಗೆಯಿರಿ. ಅದರ ಮೇಲೆ ಅವರೇ ಒಂದು ಮಾತು ಬರೆದಿದ್ದಾರೆ, ಇದರಿಂದ ಯಾವ ಕಮಾಂಡ್ ಬೇಕಾದರೂ ಓಡಿಸಬಹುದು, ಆದರೆ ಪೂರ್ತಿ ಸುಡೋ ಇರುವವರು ಅದನ್ನು ಹೇಗೂ ಮಾಡಬಹುದು ಅಂತ. ಹಾಗಾಗಿ ಸುಡೋ ಗುಂಪಿನವರಿಗೆ ಮಾತ್ರ ಇಡಿ. ಅರ್ಧಂಬರ್ಧ ಅನುಮತಿ ಇರುವವರಿಗೆ ಬೇಡ.

ಮೂಲ ಫೈಲ್ ಮುಟ್ಟಲು ಇಷ್ಟವಿಲ್ಲದಿದ್ದರೆ ‘ಸುಡೋ ವಿಸುಡೋ -ಎಫ್ /ಇಟಿಸಿ/ಸುಡೋಯರ್ಸ್.ಡಿ/ಎಡಿಟರ್’ ಅಂತ ಬೇರೆ ಫೈಲ್ ಮಾಡಿ. ಹೆಸರಿನಲ್ಲಿ ಚುಕ್ಕೆ ಇರಬಾರದು. ಚುಕ್ಕೆ ಇದ್ದರೆ ಸುಡೋ ಆ ಫೈಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಆಮೇಲೆ ದಿನವಿಡೀ ತಲೆ ಕೆರೆದುಕೊಳ್ಳಬೇಕು.

ಬರೆಯುವಾಗ ತಪ್ಪಾದರೆ ವಿಸುಡೋ ‘ಈಗೇನು’ ಅಂತ ಕೇಳುತ್ತದೆ. ಸಣ್ಣ ಇ ಒತ್ತಿದರೆ ವಾಪಸ್ ತಿದ್ದಬಹುದು. ಸಣ್ಣ ಎಕ್ಸ್ ಒತ್ತಿದರೆ ಬದಲಾವಣೆ ಬಿಟ್ಟು ಆಚೆ. ದೊಡ್ಡಕ್ಷರದ ಕ್ಯೂ ಒತ್ತಿದರೆ ತಪ್ಪು ಇದ್ದರೂ ಸೇವ್ ಆಗುತ್ತದೆ. ಅದನ್ನು ಒತ್ತಬೇಡಿ. ಸುಡೋನೇ ಕೆಲಸ ನಿಲ್ಲಿಸಬಹುದು.

ಕಾಯಂ ಬದಲಾವಣೆ ಬೇಡ, ಇವತ್ತಿಗೆ ಕ್ರಾನ್ ಸಾಲು ತಿದ್ದಿದರೆ ಸಾಕು ಅಂದರೆ ‘ಸುಡೋ ಎಡಿಟರ್=ನ್ಯಾನೋ ಕ್ರಾನ್‌ಟ್ಯಾಬ್ -ಇ’. ವೇರಿಯಬಲ್ ಸುಡೋ ಪದದ ನಂತರ ಬರಬೇಕು. ಮುಂಚೆ ಬಂದರೆ ಮತ್ತೆ ಬಾಗಿಲಲ್ಲೇ ಉಳಿಯುತ್ತದೆ.

ಸಕ್ಕರೆನಾಡು, ಮಂಡ್ಯ

ಹ್ಯಾಶ್ ತೆಗೆದೆ. ನನಗೆ ನ್ಯಾನೋ ಬರುತ್ತಿದೆ. ಸರ್ ಅವರ ಅಕೌಂಟಿನಲ್ಲಿ ಎಡಿಟರ್‌ಗೆ ವಿಮ್ ಇಟ್ಟುಕೊಂಡರು, ಅವರಿಗೆ ವಿಮ್ ಬರುತ್ತಿದೆ. ರೂಟ್‌ನ .ಬ್ಯಾಷ್‌ಆರ್‌ಸಿಗೆ ಹಾಕಿದ್ದ ಸಾಲು ತೆಗೆದಿದ್ದೇನೆ. ಬ್ಯಾಕಪ್ ಈಗ ರಾತ್ರಿ ಎರಡಕ್ಕೆ.

ಆಲ್ಟರ್ನೇಟಿವ್ಸ್ ಬದಲಿಸಿದ್ದನ್ನೂ ವಾಪಸ್ ಮಾಡಬೇಕಾ?

ಒಂಟಿಕೊಪ್ಪಲ್ ಟರ್ಮಿನಲ್, ಮೈಸೂರು

‘--ಕಾನ್ಫಿಗ್’ ಬದಲು ‘--ಆಟೋ ಎಡಿಟರ್’ ಕೊಟ್ಟು ಬಿಡಿ. ಆಟೋದಲ್ಲಿ ಹೆಚ್ಚು ಪ್ರಯಾರಿಟಿ ಇರುವುದು ಗೆಲ್ಲುತ್ತದೆ. ನ್ಯಾನೋಗೆ 40, ವಿಮ್ ಬೇಸಿಕ್‌ಗೆ 30. ಹೇಗೂ ನ್ಯಾನೋನೇ ಬರುತ್ತದೆ.

ಲಾಸ್ಟ್‌ಬೆಂಚ್ ಲಿನಕ್ಸ್

ವಿಷುಯಲ್, ಎಡಿಟರ್ ಅಂತ ಎರಡು ವೇರಿಯಬಲ್ ಯಾಕೆ? ಒಂದು ಸಾಲದಾ?

ಕುಕ್ಕರಹಳ್ಳಿ ವಾಕರ್

ಹಿಂದೆ ಪರದೆಯೇ ಇರಲಿಲ್ಲ ಮಗು. ಟೆಲಿಟೈಪ್ ಕಾಗದದ ಮೇಲೆ ಒಂದೊಂದೇ ಸಾಲು ಅಚ್ಚು ಹಾಕುತ್ತಿತ್ತು. ಅಲ್ಲಿಗೆ ಎಡ್ ಥರದ ಸಾಲು ಎಡಿಟರ್, ಅದನ್ನು ಎಡಿಟರ್ ವೇರಿಯಬಲ್‌ನಲ್ಲಿ ಇಡುತ್ತಿದ್ದರು. ಪರದೆ ಇರುವ ಟರ್ಮಿನಲ್‌ಗೆ ವಿಐ, ಅದು ವಿಷುಯಲ್. ಈಗ ಎರಡಕ್ಕೂ ಒಂದೇ ಹೆಸರು ಕೊಡು. ಒಂದಕ್ಕೇ ಕೊಟ್ಟು, ಇನ್ನೊಂದರಲ್ಲಿ ಹಳೇದು ಉಳಿದಿದ್ದರೆ ಗಿಟ್, ಕ್ರಾನ್‌ಟ್ಯಾಬ್ ವಿಷುಯಲ್‌ನ ಮಾತು ಕೇಳುತ್ತವೆ, ಸಿಸ್ಟಮ್‌ಸಿಟಿಎಲ್ ಎಡಿಟರ್‌ನ ಮಾತು ಕೇಳುತ್ತದೆ.

ಪಾಂಡವಪುರ ಪಿಂಗ್

ಸಕ್ಕರೆನಾಡು ಅವರೇ, ಒಂದು ಸಲಹೆ. ಆ ಬ್ಯಾಕಪ್ ಸಾಲನ್ನು ರೂಟ್‌ನ ಕ್ರಾನ್‌ಟ್ಯಾಬ್‌ನಿಂದ ತೆಗೆದು /ಇಟಿಸಿ/ಕ್ರಾನ್.ಡಿ ಒಳಗೆ ಒಂದು ಫೈಲ್ ಮಾಡಿ ಇಡಿ. ಆಗ ಸುಡೋಎಡಿಟ್ ಸಾಕು, ಕ್ರಾನ್‌ಟ್ಯಾಬ್‌ನ ಎಡಿಟರ್ ಗೊಡವೆಯೇ ಇರುವುದಿಲ್ಲ. ಅಲ್ಲಿ ಸಮಯದ ಐದು ಕಾಲಂ ಆದಮೇಲೆ ಆರನೆಯದಾಗಿ ಯೂಸರ್ ಹೆಸರು ಬರೆಯಬೇಕು, ನಿಮ್ಮದಕ್ಕೆ ರೂಟ್. ಆ ಫೈಲಿನ ಹೆಸರಿನಲ್ಲೂ ಚುಕ್ಕೆ ಬೇಡ.

ಸಕ್ಕರೆನಾಡು, ಮಂಡ್ಯ

ಈ ಸೀಸನ್ ಮುಗಿಯಲಿ ಮೇಡಂ. ಓಡುತ್ತಿರುವ ಬ್ಯಾಕಪ್ಪನ್ನು ಈಗ ಮುಟ್ಟಿದರೆ ನಮ್ಮ ಯಜಮಾನರು ನನ್ನನ್ನೇ ಲಾರಿ ಹತ್ತಿಸುತ್ತಾರೆ.